ಎರಡೂವರೆ ನಿಮಿಷದ ನಮಸ್ಕಾರ

ಸಂಸದ ಗುರುಸಿದ್ದಪ್ಪನವರು ಮಾತಿನ ಮಲ್ಲ. ಮೈಕು ಸಿಕ್ಕರೆ ಸಾಕು, ಎದುರಿಗಿದ್ದವರಿಗೆಲ್ಲ ಒಂದೊಂದು ಬಿರುದು ಕೊಟ್ಟು, ಹೆಸರು ಹಿಡಿದು ವಂದಿಸಿದ ಮೇಲೆಯೇ ವಿಷಯಕ್ಕೆ ಬರುವುದು. ಊರ ಸಭೆಗಳಲ್ಲಿ ಅದೇ ಮರ್ಯಾದೆ. ಒಂದು ಹೆಸರು ಬಿಟ್ಟರೂ ಮುಂದಿನ ಚುನಾವಣೆಯವರೆಗೆ ಮುನಿಸು.

ಅವರ ಕ್ಷೇತ್ರದ ಯಲಗಟ್ಟಿಯಲ್ಲಿ ಊರು ಹಳಿಯ ಈಚೆ, ಆಸ್ಪತ್ರೆ ಆಚೆ. ನಡುವೆ ರೈಲ್ವೆ ಗೇಟು. ಗೂಡ್ಸ್ ಗಾಡಿ ಬಂತೆಂದರೆ ಅರ್ಧ ಗಂಟೆ ಏಳದು. ಊರಿನ ಆಶಾ ಕಾರ್ಯಕರ್ತೆ ಕಾಶವ್ವ ಅರ್ಜಿ ಹಿಡಿದು ಬಂದಳು.

“ಸಾಹೇಬ್ರ, ಹೋದ ತಿಂಗಳು ಗೇಟಿನ ಮುಂದ ಆಟೋದಾಗ ಹೆರಿಗಿ ಮಾಡಿಸೇನಿ. ಕೂಸು ಉಳೀತು, ನಮ್ಮ ಪುಣ್ಯ. ಹಳಿ ಕೆಳಗ ಒಂದು ದಾರಿ ಮಾಡಿಸಿಕೊಡ್ರಿ.”

“ದಿಲ್ಲಿ ನಡುಗಿಸ್ತೀನಿ, ತಂಗಿ” ಎಂದರು.

ಲೋಕಸಭೆಯ ಶೂನ್ಯವೇಳೆಯಲ್ಲಿ ಮಾತಾಡಲು ಚೀಟಿ ಎತ್ತಿದಾಗ ಹೆಸರು ಬರಬೇಕು. ಮೂರನೆಯ ವಾರ ಅವರ ಹೆಸರು ಬಂತು. ಸಿಕ್ಕಿದ್ದು ಮೂರು ನಿಮಿಷ. ಗುರುಸಿದ್ದಪ್ಪನವರು ಎದ್ದರು. ಸಭಾಧ್ಯಕ್ಷರಿಗೆ ಕೃತಜ್ಞತೆ, ಪಕ್ಷದ ಹಿರಿಯರಿಗೆ ವಂದನೆ, ರೈಲ್ವೆ ಮಂತ್ರಿಗಳ ದೂರದೃಷ್ಟಿಗೆ ಮೆಚ್ಚುಗೆ, ಕರುನಾಡಿನ ಮಣ್ಣಿಗೆ ಪ್ರಣಾಮ. ಅಲ್ಲಿಗೆ ಎರಡೂವರೆ ನಿಮಿಷ. ಆಮೇಲೆ ಗಂಟಲು ಸರಿಮಾಡಿಕೊಂಡು, ಒಂದು ಗುಟುಕು ನೀರು ಕುಡಿದು, “ಈಗ ನನ್ನ ಕ್ಷೇತ್ರದ ಯಲಗಟ್ಟಿ…” ಎನ್ನುವಷ್ಟರಲ್ಲಿ ಮೈಕು ಬಂದ್ ಆಯಿತು. ಬಾಯಿ ಆಡುತ್ತಿತ್ತು, ದನಿಯಿರಲಿಲ್ಲ.

ಅಭಿಮಾನಿಗಳು ಮಾತ್ರ ಆ ನಮಸ್ಕಾರಗಳಿಗೇ ಸಂಗೀತ ಹಾಕಿ ಎಲ್ಲರ ಮೊಬೈಲಿಗೂ ಕಳಿಸಿದರು. ಯಲಗಟ್ಟಿಯಲ್ಲಿ ಸನ್ಮಾನವೂ ಆಯಿತು. ಸನ್ಮಾನ ಮುಗಿಸಿ ಹೊರಟ ಕಾರು ಗೇಟಿನಲ್ಲಿ ನಿಂತಿತು. ಪಕ್ಕದ ಆಟೋದಲ್ಲಿ ಒಬ್ಬ ಬಸುರಿ ತುಟಿ ಕಚ್ಚಿ ಕೂತಿದ್ದಳು. ಅವಳ ಬೆನ್ನು ನೀವುತ್ತಿದ್ದವಳು ಕಾಶವ್ವ.

ಗುರುಸಿದ್ದಪ್ಪನವರು ಹಾರ ಹಾಕಿಕೊಂಡೇ ಇಳಿದು ಗೇಟಿನವನಿಗೆ ಕೈಮುಗಿದರು. “ಒಂದೀಟು ಎತ್ತಪ್ಪಾ.”

“ಗಾಡಿ ಬಿಟ್ಟೈತ್ರೀ. ನನ್ನ ಕೈಯಾಗಿಲ್ಲ.”

ಕಾಶವ್ವ ಆಟೋದಿಂದ ತಲೆ ಹೊರಹಾಕಿದಳು. “ಬಿಡ್ರಿ ಸಾಹೇಬ್ರ. ನಮಸ್ಕಾರಕ್ಕ ಗೇಟು ಏಳೂದಿಲ್ಲ. ದಿಲ್ಲ್ಯಾಗೂ ಏಳಲಿಲ್ಲ, ಟಿವ್ಯಾಗ ನೋಡೀನಿ.”

ಇಪ್ಪತ್ತೆಂಟು ನಿಮಿಷ. ಆ ಹೆಣ್ಣುಮಗಳ ಒಂದೊಂದು ನರಳಿಕೆಗೂ ಅವರಿಗೆ ತಾವು ಹಂಚಿದ ಒಂದೊಂದು ಬಿರುದು ನೆನಪಾಯಿತು. ಗೇಟು ಎದ್ದಾಗ ಆಟೋ ಮುಂದೆ, ಕಾರು ಹಿಂದೆ. ಆಸ್ಪತ್ರೆಯ ಮೆಟ್ಟಿಲೇರುವಷ್ಟರಲ್ಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಉಳಿದರು.

ಮುಂದಿನ ಅಧಿವೇಶನದಲ್ಲಿ ಮತ್ತೆ ಅವರ ಹೆಸರು ಬಂತು.

“ಸಭಾಧ್ಯಕ್ಷರೇ, ಯಲಗಟ್ಟಿಯ ಗೇಟಿನಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳ ಪಕ್ಕ ಇಪ್ಪತ್ತೆಂಟು ನಿಮಿಷ ನಿಂತಿದ್ದೆ. ಆಸ್ಪತ್ರೆ ಎದುರಿಗೇ ಕಾಣುತ್ತಿತ್ತು. ಆ ಗೇಟು ದಿನಕ್ಕೆ ಹದಿನೆಂಟು ಸಲ ಮುಚ್ಚುತ್ತದೆ. ಹಳಿಯ ಕೆಳಗೆ ದಾರಿ ಬೇಕು.”

ಕೂತುಬಿಟ್ಟರು. ಇನ್ನೂ ಎರಡು ನಿಮಿಷ ಉಳಿದಿತ್ತು. ಸಭಾಧ್ಯಕ್ಷರು ತಲೆಯೆತ್ತಿ ನೋಡಿದರು. ಮಂತ್ರಿಗಳು ಪೆನ್ನು ತೆಗೆದರು.

ಹೆಸರು ಬಿಟ್ಟದ್ದಕ್ಕೆ ಪಕ್ಷದಲ್ಲಿ ಒಂದಿಬ್ಬರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ಮೂರು ತಿಂಗಳಲ್ಲಿ ಅಳತೆ ಮಾಡುವವರು ಯಲಗಟ್ಟಿಗೆ ಬಂದಿಳಿದರು. ಕಾಶವ್ವ ಫೋನು ಮಾಡಿದಳು.

“ಸಾಹೇಬ್ರ, ಉಳಿಸಿದ ನಮಸ್ಕಾರ ಎಲ್ಲಾ ಜ್ವಾಕಿ ಇಟ್ಕೋರಿ. ದಾರಿ ಆದ ದಿನ ಕೂತು ಕೇಳ್ತೀವಿ.”

ನೀತಿ: ಇನ್ನೊಬ್ಬರ ಕಷ್ಟ ಹೇಳಲೆಂದು ಸಿಕ್ಕ ಹೊತ್ತು ಅವರದು, ನಮ್ಮದಲ್ಲ. ಮೊದಲು ಅವರ ಮಾತು ಮುಗಿಸಿ. ಹೊಗಳಿಕೆ ಕಾಯಬಲ್ಲದು, ನೋವು ಕಾಯಲಾರದು.