ಥುಯಿ ನದಿ ನೆಟ್ಟಗೆ ಹರಿಯದಿರುವುದೇಕೆ

ಲೋಕ ಇನ್ನೂ ಹೊಸದಾಗಿತ್ತು. ನೆಲದ ಹಸಿ ಆರಿರಲಿಲ್ಲ. ಆಗ ವಿಯೆಟ್ನಾಮಿನ ನದಿಗಳೆಲ್ಲ ನೆಟ್ಟಗೆ ಹರಿಯುತ್ತಿದ್ದವು. ಅವುಗಳಲ್ಲಿ ಕಿರಿಯವಳು ಥುಯಿ. ಅವಳ ನೀರು ತಿಳಿ, ಮಾತು ಇಂಪು.

ಒಂದು ಬೆಳಗ್ಗೆ ಬೆಟ್ಟಜ್ಜ ಅವಳನ್ನು ಕರೆದ. ಅವನ ಎತ್ತರಕ್ಕೆ ದೂರದ ಕಡಲು ಕಾಣುತ್ತಿತ್ತು.

"ಮಗಳೇ, ಕಡಲು ಉಕ್ಕಿ ಬರುತ್ತಿದೆ. ಕೆಳಗೆ ಮರಳುದಿಬ್ಬದಲ್ಲಿ ಬೆಳ್ಳಕ್ಕಿಯ ಗೂಡಿದೆ. ಮರಿಗಳಿಗೆ ರೆಕ್ಕೆ ಬಲಿತಿಲ್ಲ. ಅವನ್ನು ಎತ್ತರದ ದಿಣ್ಣೆಗೆ ಒಯ್ಯಲು ತಾಯಿಗೆ ಹೇಳು. ಅಷ್ಟೇ."

"ಅಷ್ಟೇ ತಾನೇ ಅಜ್ಜ?" ಎಂದು ಥುಯಿ ಓಡಿದಳು.

ದಿಬ್ಬದಲ್ಲಿ ಬೆಳ್ಳಕ್ಕಿ ತನ್ನ ಎರಡು ಮರಿಗಳಿಗೆ ಮೀನು ಉಣಿಸುತ್ತಿದ್ದಳು. ಅವಳ ನಗುಮುಖ ಕಂಡು ಥುಯಿಯ ಓಟ ನಿಧಾನವಾಯಿತು. ಆ ನಾಡಿನಲ್ಲಿ ವೀಳ್ಯ ಕೊಡದೆ, ಕ್ಷೇಮ ಕೇಳದೆ ಸುದ್ದಿ ಎತ್ತುವಂತಿರಲಿಲ್ಲ. ಥುಯಿ ಆ ಪದ್ಧತಿಯ ಮರೆ ಹಿಡಿದಳು.

"ಅಕ್ಕಾ, ವೀಳ್ಯ ತಗೋ. ಚೆನ್ನಾಗಿದ್ದೀಯಾ? ಮರಿಗಳು ಚೆನ್ನಾಗಿವೆಯಾ?"

"ಚೆನ್ನಾಗಿದ್ದೇವೆ ತಂಗಿ. ಯಾಕೆ ಇಷ್ಟು ಏದುಸಿರು?"

"ಅದೇ... ಹೇಳೋಣ ಅಂತ... ನಿಮ್ಮತ್ತೆ ಹೇಗಿದ್ದಾರೆ?"

ಬಿಲದಿಂದ ಮುದಿ ಏಡಿ ಇಣುಕಿತು. "ಇನ್ನೊಂದು ವೀಳ್ಯ ಕೊಡಮ್ಮ! ಬೆಳ್ಳಕ್ಕಿಯ ಬಾಯಿ ಕೆಂಪಾಯಿತು, ನೀನು ಮಾತ್ರ ಬಾಯಿ ಬಿಡಲಿಲ್ಲ."

ಥುಯಿ ಮುಂದೆ ಬಂದಳು, ಹಿಂದೆ ಸರಿದಳು. ಅತ್ತೆಯಾದ ಮೇಲೆ ಮಾವ, ಮಾವನಾದ ಮೇಲೆ ಹವಾಮಾನ. "ಹೇಳುತ್ತೇನೆ, ಹೇಳುತ್ತೇನೆ" ಎಂದಳು. ಹೇಳಲಿಲ್ಲ.

ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು. ಅದರ ಬೆನ್ನಿಗೇ ಕಡಲು ಬಂತು.

ಬೆಳ್ಳಕ್ಕಿ ಒಂದು ಮರಿಯನ್ನು ಕಚ್ಚಿಕೊಂಡು ದಿಣ್ಣೆಗೆ ಹಾರಿದಳು. ಮರಳಿ ಬಂದಾಗ ದಿಬ್ಬವಿರಲಿಲ್ಲ. ಇನ್ನೊಂದು ಮರಿಯೂ ಇರಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತೇ?"

"ಗೊತ್ತಿತ್ತು ಅಕ್ಕಾ."

"ನನಗೆ ನೋವಾದೀತೆಂದು ಸುಮ್ಮನಿದ್ದೆಯಾ?"

ಹೌದೆನ್ನುವುದು ಸುಲಭವಿತ್ತು. "ಇಲ್ಲ" ಎಂದಳು ಥುಯಿ. "ನೊಂದ ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ."

ಬೆಳ್ಳಕ್ಕಿ ಬೈಯಲಿಲ್ಲ. ಬೈದಿದ್ದರೆ ಥುಯಿ ಅಲ್ಲಿ ನಿಲ್ಲಬಹುದಿತ್ತು.

ಬೆಳ್ಳಕ್ಕಿಯ ಕಣ್ಣು ತಪ್ಪಿಸಲು ಥುಯಿ ಬಲಕ್ಕೆ ತಿರುಗಿದಳು. ದಿಣ್ಣೆಯ ಮೇಲೆ ಬಿಳಿ ರೆಕ್ಕೆ ಕಂಡಿತು. ಎಡಕ್ಕೆ ತಿರುಗಿದಳು, ಅಲ್ಲಿಂದಲೂ ಕಂಡಿತು. ಎತ್ತ ಹೊರಳಿದರೂ ಕಂಡಿತು. ಕೊನೆಗೆ ದಡದ ಮಣ್ಣನ್ನೇ ಎಳೆದು ಮುಖ ಮುಚ್ಚಿಕೊಂಡಳು.

ಮುಂದೆ ದಡಕ್ಕೆ ಜನ ಬಂದರು, ಅವಳ ನಡೆ ನೋಡಿದರು. ಮಾತು ಎಳೆಯುವವರನ್ನು ತಮ್ಮ ನುಡಿಯಲ್ಲಿ 'ರೇ ರಾ' ಎಂದರು. ಸುತ್ತಿ ಸುತ್ತಿ ವಿಷಯಕ್ಕೆ ಬಾರದವರನ್ನು 'ಲಾಂಗ್ ವಾಂಗ್' ಎಂದರು. ಅವಳು ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳಿದಂತೆ ಆ ಮಾತುಗಳೂ ಜೋಡಿಜೋಡಿಯಾಗಿ ಹುಟ್ಟಿದವು. ಥುಯಿ ಅವನ್ನು ಕೇಳಿಸಿಕೊಂಡು ತಲೆತಗ್ಗಿಸಿ ಹರಿದಳು.

ಮಗು, ದೋಣಿಯಲ್ಲಿ ಕುಳಿತು ನೀನು ಇಂದಿಗೂ ನೋಡುವುದು ಅದನ್ನೇ: ಕಡಲು ಎದುರಿಗೇ ಇದ್ದರೂ ಥುಯಿ ಮಣ್ಣುಮುಖ ತಿರುಗಿಸಿ ಪಕ್ಕಕ್ಕೆ ಸರಿಯುತ್ತಾಳೆ, ದಡದಲ್ಲಿ ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತು, ಯಾರ ಮಾತಿಗೂ ಕಾಯದೆ, ನೀರನ್ನು ತಾನೇ ನೋಡುತ್ತಿರುತ್ತಾಳೆ.