ನಿಂಗಾಜಮ್ಮನ ಖಾಲಿ ಜಾಗ

ಹೂ ಮಾರುವ ನಿಂಗಾಜಮ್ಮನ ಮನೆ ಬೆಂಕಿಪೊಟ್ಟಣದಷ್ಟು, ಸುತ್ತಲಿನ ಜಾಗ ಮಾತ್ರ ಊರಿನ ಬಸ್ ನಿಲ್ದಾಣದಷ್ಟು. ಒಂದು ದಿನ ಪಟ್ಟಣ ಪಂಚಾಯಿತಿ ಅಧ್ಯಕ್ಷ ಶಾಂತವೀರಪ್ಪ ಬಂದು ನಿಂತರು.

"ಇಷ್ಟು ಜಾಗ ಖಾಲಿ ಬಿಡೋದು ತಪ್ಪು. ನಾಳೆ ಬೇಲಿ ಹಾಕಿಸ್ತೀನಿ. ಇಲ್ಲಿ ನನ್ನ ಹೆಸರಿನ ಭವನ ಬರುತ್ತೆ."

"ಖಾಲಿ ಇದ್ದರೆ ಹಾಕ್ಸಿ ಸ್ವಾಮಿ," ಅಂದಳು ನಿಂಗಾಜಮ್ಮ.

ಟೇಪು ಹಿಡಿದಿದ್ದ ಗುಮಾಸ್ತ ಮರಿಸ್ವಾಮಿಗೆ ಆಶ್ಚರ್ಯ. ಬಾಯಿ ಜೋರಿನ ಹೆಂಗಸು ಇಷ್ಟು ಮೆತ್ತಗೆ ಒಪ್ಪಿದ್ದು ಯಾಕೆ? ಸಂಜೆ ಹೂ ಮಾರುತ್ತಾ ಅವಳು ಮನೆಮನೆಯ ಬಾಗಿಲಲ್ಲೂ ಏನೋ ಹೇಳುತ್ತಿದ್ದಳು. ಅದೇನೆಂದು ಅವನ ತಲೆ ಕೊರೆಯಿತು.

ಬೆಳಿಗ್ಗೆ ಗೊತ್ತಾಯಿತು. ಜಾಗದ ತುಂಬ ಹಾಸಿದ ಪಂಚೆಗಳು, ಪಂಚೆಗಳ ತುಂಬ ಹಸಿ ಸಂಡಿಗೆ. ಕಾಲಿಡಲು ಗೇಣು ಜಾಗವಿಲ್ಲ.

"ತೆಗೀರಿ ಇದನ್ನೆಲ್ಲ," ಗುಡುಗಿದರು ಅಧ್ಯಕ್ಷರು.

"ನಂದು ಒಂದೂ ಇಲ್ಲ ಸ್ವಾಮಿ. ಇಟ್ಟವರನ್ನೇ ಕೇಳಿ. ಆ ಮೂಲೆಯಿಂದ ಶುರು ಮಾಡಿ."

ಮೂಲೆಯಲ್ಲಿ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದ ಮುದುಕಿ ತಲೆಯೆತ್ತಿದಳು. ಅಧ್ಯಕ್ಷರ ಹೆತ್ತ ತಾಯಿ.

"ಚಪ್ಪಲಿ ಬಿಟ್ಟು ಬಾರೋ ಶಾಂತು. ಬೇಸಿಗೆ ಮುಗಿಯೋವರೆಗೂ ಈ ಮೂಲೆ ನಂದು. ಕೂತು ಕಾಗೆ ನೋಡ್ಕೋ, ಊಟ ಮಾಡಿ ಬರ್ತೀನಿ."

ಮರಿಸ್ವಾಮಿ ಟೇಪು ಸುತ್ತಿದ. ಬೇಲಿಯ ಕಂಬ ಹೊತ್ತು ಬಂದ ಆಳುಗಳು ಎಲ್ಲಿ ನೆಡೋಣವೆಂದು ಕೇಳಿದರು.

ಅಧ್ಯಕ್ಷರು ಕೋಲು ಬೀಸಿದರು. "ದೂರ ನಿಲ್ರೀ. ಸಂಡಿಗೆ ಮೇಲೆ ನೆರಳು ಬೀಳ್ತಿದೆ."