ಆಂಪ್ಲಿಫೈಯರಿನ ಗದ್ದುಗೆ

ಬೀದರಿನ ಸಂಗಮನಾಥರಿಗೆ ದೂರದ ಕಾರವಾರಕ್ಕೆ ವರ್ಗವಾದಾಗ ಅವರ ಹಾಡಿನ ಸಂಸಾರವೆಲ್ಲ ಲಾರಿ ಹತ್ತಿತು. ಆ ಸಂಸಾರಕ್ಕೆ ತಾನೇ ಯಜಮಾನನೆಂಬುದು ಆಂಪ್ಲಿಫೈಯರಿನ ಗತ್ತು. ಮನೆಯಲ್ಲಿ ಅದು ರೆಕಾರ್ಡುಗಳ ಬೀರುವಿನ ನೆತ್ತಿಯ ಮೇಲೆ, ಕಸೂತಿ ಹೊದಿಕೆ ಹೊದ್ದು ಕೂತಿರುತ್ತಿತ್ತು. ಲಾರಿಯಲ್ಲಿ ಮಾತ್ರ ಅದನ್ನು ಕೆಳಗೆ, ಸ್ಪೀಕರಿನ ಪಕ್ಕದಲ್ಲಿ ಇಟ್ಟಿದ್ದರು.

"ನಾನು ನೆಲದ ಮೇಲೆ ಕೂರುವವನೇ?" ಎಂದು ಸಿಡುಕಿದ ಆಂಪ್ಲಿಫೈಯರು, ಲಾರಿ ಹೊರಟದ್ದೇ ತಡ, ಎದ್ದು ಹೋಗಿ ರೆಕಾರ್ಡುಗಳ ಪೆಟ್ಟಿಗೆಯ ಮೇಲೆ ಕೂತಿತು.

"ಅಣ್ಣಾ, ದಯವಿಟ್ಟು ಇಳಿ," ಎಂದಿತು ಒಳಗಿನಿಂದ ಹಳೆಯ ರೆಕಾರ್ಡೊಂದು. "ಬೀರುವಿಗೆ ಮರದ ಹಲಗೆಯಿತ್ತು, ಇದು ಬರೀ ರಟ್ಟು. ನಮ್ಮದು ಅರಗಿನ ಮೈ, ನಿನ್ನ ಭಾರ ತಡೆಯುವುದಿಲ್ಲ."

"ನಾನು ದನಿ ಕೊಡದಿದ್ದರೆ ನಿಮ್ಮನ್ನು ಕೇಳುವವರು ಯಾರು? ನನ್ನನ್ನು ಹೊರುವುದೇ ನಿಮಗೊಂದು ಹೆಮ್ಮೆ!"

ದಾರಿಯುದ್ದಕ್ಕೂ ಲಾರಿ ಗುಂಡಿಗೆ ಇಳಿದಾಗಲೆಲ್ಲ ಕೆಳಗೆ ಲಟಕ್ಕೆಂದು ಸದ್ದಾಗುತ್ತಿತ್ತು. ಆಂಪ್ಲಿಫೈಯರಿಗೆ ಅದು ತನಗೆ ಹೊಡೆದ ಸಲಾಮಿನಂತೆಯೇ ಕೇಳಿಸಿತು.

ಹೊಸ ಮನೆಯಲ್ಲಿ ಸಂಗಮನಾಥರು ಪೆಟ್ಟಿಗೆ ತೆರೆದು, ಒಡೆದ ರೆಕಾರ್ಡಿನ ಚೂರೊಂದನ್ನು ಎತ್ತಿ ನೋಡಿ, ಮತ್ತೆ ಒಳಗಿಟ್ಟು ಮುಚ್ಚಿದರು. ಆಂಪ್ಲಿಫೈಯರಾದರೂ ನೆಟ್ಟಗಿದೆಯೇ ಎಂದು ಸ್ವಿಚ್ಚು ಹಾಕಿ ದನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಅದು ಎದೆಯುಬ್ಬಿಸಿ ಕಾದು ಕೂತಿತು. ಸ್ಪೀಕರಿನಿಂದ ಬಂದದ್ದು ಬರೀ ಗುಂಯ್ ಎನ್ನುವ ಸದ್ದು.

"ಏನದು, ಮನ್ಯಾಗ ಜೇನ್ನೊಣ ಹೊಕ್ಕಾವೇನ್ರೀ?" ಎಂದು ಅವರ ಹೆಂಡತಿ ಅಡುಗೆಮನೆಯಿಂದ ಕೂಗಿದರು.

ಆಂಪ್ಲಿಫೈಯರು ಸ್ಪೀಕರನ್ನು ಗದರಿತು: "ಹಾಡೆಲ್ಲಿ?"

"ನಿನ್ನ ಕೆಳಗಿತ್ತು," ಎಂದಿತು ಸ್ಪೀಕರು.